ಮಂಡೂಕಗಳ ಪಂಡಿತ ಸಿ. ಆರ್. ನಾರಾಯಣರಾಯರು

ನಮ್ಮ ನುಡಿಯಲ್ಲಿ ಕಪ್ಪೆಗೆ ಮರ್ಯಾದೆಯಿಲ್ಲ. ಲೋಕಜ್ಞಾನವಿಲ್ಲದವನನ್ನು ಕೂಪಮಂಡೂಕವೆಂದು ಹಳಿಯುತ್ತೇವೆ. ನಮ್ಮ ಸಂಘ ಸಂಸ್ಥೆಗಳ ಮಹಾಸಭೆಗಳನ್ನು ಕಂಡವರು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತಾಯಿತೆಂದು ನಗುತ್ತಾರೆ. ಇಂತಹ ಪ್ರಾಣಿಯ ಅಧ್ಯಯನಕ್ಕಾಗಿ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರು ತಮ್ಮ ಆಯುಷ್ಯದ ಬಹುಭಾಗವನ್ನು ವಿನಿಯೋಗಿಸಿದರು. ಅವರು ಜೋಪಾನವಾಗಿ ಕೂಡಿಟ್ಟ ಸಂಗ್ರಹವು ಅವರ ತರುವಾಯ ಕಳೆದುಹೋಯಿತು. ಆದರೂ ಅವರು ಕಾಲವಾಗಿ ಅರ್ಧ ಶತಮಾನ ಸಂದಮೇಲೆ ಕಪ್ಪೆಗಳ ಒಂದು ಕುಲಕ್ಕೇ ಅವರ ಹೆಸರನ್ನಿಡಲಾಯಿತು. ಆ ಮಹನೀಯರೇ ಪ್ರೊಫೆಸರ್ ಸಿ. ಆರ್. ನಾರಾಯಣರಾಯರು.

ನಾರಾಯಣರಾಯರು ಜನಿಸಿದುದು 1882ನೆಯ ಇಸವಿ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ವಿದ್ಯಾಭ್ಯಾಸ ಬಳ್ಳಾರಿಯಲ್ಲಿ ನಡೆಯಿತು. ಅಂದು ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಉನ್ನತ ವ್ಯಾಸಂಗಕ್ಕೆ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, ಹೆಂಡರ್ಸನ್ ಎಂಬ ಅಧ್ಯಾಪಕರ ಕೈಕೆಳಗೆ ಪ್ರಾಣಿಶಾಸ್ತ್ರವನ್ನು ಕಲಿತು, ಸುವರ್ಣಪದಕದೊಡನೆ ಹೊರಬಂದರು. ಅಧ್ಯಾಪನದ ತರಬೇತಿಯನ್ನೂ ಪಡೆದು ಕೆಲಕಾಲ ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಹೇಳಿದರು. ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು, ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, 1937ರಲ್ಲಿ ನಿವೃತ್ತರಾಗುವವರೆಗೂ ಆ ಪದವಿಯಲ್ಲಿದ್ದರು.

ಆ ಕಾಲದ ಪರಿಸ್ಥಿತಿಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಭಾರತದ ಹಾವು, ಹಲ್ಲಿ, ಕಪ್ಪೆಗಳ ವಿಚಾರವಾಗಿ ಎಲ್ಲರೂ ಪ್ರಮಾಣವೆಂದು ಹಿಡಿದಿದ್ದ ಗ್ರಂಥವು 1890ರಲ್ಲಿ ಪ್ರಕಟವಾಗಿದ್ದಿತು. ಅದನ್ನು ಬರೆದ ಬೂಲೆಂಜರ್ ಎಂಬ ಪಂಡಿತರು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು, ಅಲ್ಲಿಗೆ ಬಂದು ಸೇರಿದ ಮಾದರಿಗಳನ್ನು ಪರೀಕ್ಷಿಸುತ್ತಿದ್ದರು. ನಮ್ಮ ಘಟ್ಟದ ಕಪ್ಪೆಗೆ ಹೆಸರು ಬರಬೇಕಾದರೆ ಅದು ಸಮುದ್ರ ದಾಟಬೇಕಾಗಿದ್ದಿತು. ಇಲ್ಲಿನ ಕಾಲೇಜುಗಳ ಕೆಲಸ ಪಾಠ ಹೇಳುವುದು, ಪರೀಕ್ಷೆಗೆ ಹುಡುಗರನ್ನು ಕಳುಹಿಸುವುದು, ಇಷ್ಟೇ ಎಂಬ ಭಾವನೆ ಬಲವಾಗಿದ್ದಿತು. ಈ ಭಾವನೆಯನ್ನು ನಾರಾಯಣರಾಯರು ಒಪ್ಪಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾಗಿದ್ದಿತು. ಹೊಸದನ್ನು ಕಂಡುಹಿಡಿಯದ ವಿಶ್ವವಿದ್ಯಾನಿಲಯವು ಹೆಸರಿಗೆ ಮಾತ್ರ ವಿಶ್ವವಿದ್ಯಾನಿಲಯವೆಂಬುದು ಅವರ ನಿಲುವಾಗಿದ್ದಿತು. ಉನ್ನತ ತರಗತಿಗಳ ವಿದ್ಯಾರ್ಥಿಗಳೂ ಸಂಶೋಧನೆಯಲ್ಲಿ ತೊಡಗಬೇಕೆಂದು ಅವರು ಸಾಧಿಸಿದರು. ಅವರ ಬಳಿ ಪಳಗಿದ ಎಲ್. ಎಸ್. ರಾಮಸ್ವಾಮಿ, ಬಿ. ಆರ್. ಶೇಷಾಚಾರ್ ಮೊದಲಾದವರು ಮುಂದೆ ತಾವೇ ಹೆಸರಾಂತ ವಿಜ್ಞಾನಿಗಳಾದರು. ಶೇಷಾಚಾರ್ಯರು ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದುದು ದೆಹಲಿಯ ಕನ್ನಡಿಗರಿಗೆ ಹೆಮ್ಮೆಯ ವಿಷಯ.

ನಾರಾಯಣರಾಯರು ಮೊದಲು ಕೈಹಾಕಿದ ಕೆಲಸಗಳಲ್ಲಿ ಗೊದಮೊಟ್ಟೆಗಳ ಅಧ್ಯಯನವೂ ಒಂದು. ಘಟ್ಟದ ತೊರೆಗಳಲ್ಲಿ ಕಪ್ಪನೆಯ ದೊಡ್ಡ ಗೊದಮೊಟ್ಟೆಗಳು ಹಿಂಡುಹಿಂಡಾಗಿ ತೇಲುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರಬಹುದು. ಅಂತಹ ಒಂದು ಕಪ್ಪೆಯ ಮರಿಯನ್ನು ಕುರಿತು ಅವರು 1914ರಲ್ಲಿ ಲೇಖನವನ್ನು ಬರೆದರು. 1920ರಲ್ಲಿ ನಮ್ಮ ಈ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಕಪ್ಪೆಗಳ ಮೇಲೆ ಅವರ ಪ್ರಬಂಧ ಅಚ್ಚಾಯಿತು. ಕೊಡಗಿನ ಇರುಳುಗಪ್ಪೆಯೊಂದಕ್ಕೆ ಅದರಲ್ಲಿ ಅವರು ಕೊಟ್ಟ ಲ್ಯಾಟಿನ್ ಹೆಸರಿಗೆ ಪವಿತ್ರವಾದ ಜೌಗುನೆಲದ್ದು ಎಂದರ್ಥ. 1922ರಲ್ಲಿ ಜೋಗದ ಕಪ್ಪೆಯೊಂದಕ್ಕೆ ಮೈಸೂರಿನ ಹೆಸರನ್ನಿಟ್ಟರು. ನಿವೃತ್ತರಾದ 1937ರಲ್ಲಿಯೇ ಅವರ ದೊಡ್ಡ ಪ್ರಬಂಧವು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ವರದಿಗಳಲ್ಲಿ ಪ್ರಕಟವಾಯಿತು. ಹಾಸನ ಜಿಲ್ಲೆಯ ಕೆಂಪುಹೊಳೆ, ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರ ಮುಂತಾದ ಸ್ಥಳಗಳ ಹಲವು ಹೊಸ ಕಪ್ಪೆಗಳ ವರ್ಣನೆ ಅದರಲ್ಲಿದೆ.

ದಕ್ಷಿಣ ಕನ್ನಡದ ನಮ್ಮ ಹೋಟೆಲ್ ಬಂಧುಗಳಿಗೆ ಕೊಟ್ಟಿಗೆಹಾರವನ್ನು ಪರಿಚಯಿಸಬೇಕಾಗಿಲ್ಲ. ಚಾರ್ಮಾಡಿ ಘಾಟಿಯನ್ನು ಹತ್ತಿದ ಬಸ್ಸು ಅಲ್ಲಿ ನಿಲ್ಲುತ್ತದೆ. ನೀರುದೋಸೆ ತಿಂದು ಪ್ರಯಾಣವನ್ನು ಮುಂದುವರಿಸುತ್ತೇವೆ. ನಾವೂ ಎಷ್ಟೋ ಸಲ ಹಾಗೆ ಮಾಡಿದ್ದೇವೆ. ಆ ಊರಿನ ಹೆಸರನ್ನೇ ಹೊತ್ತ ಒಂದು ಪುಟ್ಟ ಕಪ್ಪೆಯು ಸಮೀಪದ ತೊರೆಗಳ ಬಂಡೆಗಳ ಮೇಲೆ ವಾಸಿಸುತ್ತದೆಂಬುದನ್ನು ಮಾತ್ರ ನಾವು ಅರಿತಿರಲಿಲ್ಲ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದೆ ಹೋಗಬಹುದು. ಆದುದರಿಂದ ಆ ಗಂಡುಕಪ್ಪೆಯು ಕೂಗುವುದರ ಜೊತೆಗೆ ಹಿಂಗಾಲನ್ನು ನೀಡಿ, ಬೆರಳುಗಳ ನಡುವಣ ತೊಗಲನ್ನು ಬಾವುಟದಂತೆ ಬಿಚ್ಚಿ ತೋರಿಸುತ್ತದೆ. ನರ್ತಿಸುವ ಕಪ್ಪೆಯೆಂದು ಇದಕ್ಕೆ ಹೆಸರಾಗಿದೆ.

ಇದೇ ಘಟ್ಟಗಳ ಪೊದೆಗಪ್ಪೆಗಳ ಬಾಳು ಇನ್ನೂ ವಿಚಿತ್ರವಾದುದು. ಇವಕ್ಕೆ ಕೆರೆಯೂ ಬೇಡ, ಕುಂಟೆಯೂ ಬೇಡ. ತೇವವಾದ ಎಲೆಗಳಲ್ಲೋ ಮಣ್ಣಿನಲ್ಲೋ ಇಟ್ಟ ಮೊಟ್ಟೆಯೊಳಗೇ ಮರಿಯು ಪೂರ್ಣವಾಗಿ ಬೆಳೆದು, ಗೊದಮೊಟ್ಟೆಯ ಅವಸ್ಥೆಯಲ್ಲಿ ನೀರಿಗಿಳಿಯದೆ, ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಇಂತಹ ಪ್ರಾಣಿಗೆ ಬೆಟ್ಟದ ತಂಪೇ ಸರ್ವಸ್ವ. ನಡುವಣ ಬಿಸಿಲಿನ ಕಣಿವೆಯನ್ನು ದಾಟುವುದು ಅದಕ್ಕೆ ಬಲು ಕಷ್ಟ. ಹೀಗೆ ಬೇರೆಬೇರೆ ಬೆಟ್ಟಗಳಲ್ಲಿ ಸಿಕ್ಕಿಕೊಂಡ ಕಪ್ಪೆಗಳು ಲಕ್ಷಾಂತರ ವರ್ಷಗಳಲ್ಲಿ ಬೇರೆಬೇರೆ ಪ್ರಭೇದಗಳಾಗಿ ವಿಕಾಸಗೊಂಡಿವೆ. ಆದಕಾರಣ ಒಂದು ಕಪ್ಪೆ ಯಾವ ಬೆಟ್ಟದ್ದು, ಯಾವ ತೊರೆಯದ್ದು ಎಂಬ ವಿವರವು ಪ್ರಾಣಿಶಾಸ್ತ್ರದಲ್ಲಿ ಅತ್ಯಂತ ಮುಖ್ಯವಾದುದು. ಆ ವಿವರವನ್ನು ನಾರಾಯಣರಾಯರು ತಪ್ಪದೆ ಬರೆದಿಟ್ಟರು.

ಸಂಶೋಧನೆಯ ಜೊತೆಗೆ ಅವರು ಸಂಪಾದಕತ್ವದ ಭಾರವನ್ನೂ ಹೊತ್ತರು. 1932ರಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯು ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದು, ಮೊದಲ ಸಂಪಾದಕರಾಗಿ ದುಡಿದರು. ಭಾರತದ ವಿಜ್ಞಾನಿಗಳು ತಮ್ಮ ಶೋಧಗಳನ್ನು ಈ ನೆಲದಲ್ಲಿಯೇ ಬೇಗನೆ ಪ್ರಕಟಿಸಲು ಅದರಿಂದ ದಾರಿಯಾಯಿತು. ಆ ಪತ್ರಿಕೆಯು ಇಂದಿಗೂ ಹೊರಡುತ್ತಿದೆ. ಪತ್ರಿಕೆಯೊಂದನ್ನು ದಿನವೂ ಹೊರತರುವ ಪಾಡನ್ನು ಬಲ್ಲ ನಮಗೆ ಅದರ ಬೆಲೆ ಚೆನ್ನಾಗಿ ತಿಳಿಯುತ್ತದೆ. 1960ರ ಜನವರಿ 2ರಂದು ಅವರು ಸ್ವರ್ಗಸ್ಥರಾದರು.

ಇನ್ನು ಕಳೆದುಹೋದ ಸಂಗ್ರಹದ ಮಾತು. ಹೊಸ ಪ್ರಾಣಿಗೆ ಹೆಸರಿಡುವವರು ಅದರ ಒಂದು ಮಾದರಿಯನ್ನು ಮದ್ಯಸಾರದ ಸೀಸೆಯಲ್ಲಿ ಕೆಡದಂತೆ ಇಡುವುದು ವಾಡಿಕೆ. ಮುಂದೆ ಯಾರಿಗೇ ಸಂಶಯ ಬಂದರೂ ಆ ಮೂಲಮಾದರಿಯೊಡನೆ ಹೋಲಿಸಿ ನೋಡಬಹುದು. ಸೆಂಟ್ರಲ್ ಕಾಲೇಜಿನಲ್ಲಿದ್ದ ನಾರಾಯಣರಾಯರ ಮಾದರಿಗಳು ಉಳಿಯಲಿಲ್ಲ. ಶಾಸ್ತ್ರಕ್ಕೆ ಇದರಿಂದಾದ ನಷ್ಟ ಅಲ್ಪವಲ್ಲ. ಅವರು ಕೊಟ್ಟ ಕೆಲವು ಹೆಸರುಗಳು ಯಾವ ಕಪ್ಪೆಗೆ ಸಲ್ಲುತ್ತವೆಂಬ ವಿಷಯದಲ್ಲಿ ಪಂಡಿತರಿಗೆ ಗೊಂದಲವುಂಟಾಯಿತು. ಹೊಸ ತಿಳಿವಳಿಕೆಯಿಂದ ಬದಲಾದುದೂ ಉಂಟು. 1925ರಲ್ಲಿ ರಾಮಣ್ಣ ಎಂಬವರೊಡನೆ ಅವರು ಸ್ಥಾಪಿಸಿದ್ದ ರಾಮನೆಲ್ಲ ಎಂಬ ಕುಲವನ್ನು 2016ರಲ್ಲಿ ಹಳೆಯದಾದ ಇನ್ನೊಂದು ಕುಲದಲ್ಲಿ ಸೇರಿಸಿದರು. ವಿಜ್ಞಾನದಲ್ಲಿ ಇದು ಅವಮಾನವಲ್ಲ. ಲೆಕ್ಕವನ್ನು ಮತ್ತೊಮ್ಮೆ ತಾಳೆ ನೋಡಿದಂತೆ.

ಸೀಸೆಗಳು ಹೋದರೂ ಬರಹ ಉಳಿದಿದ್ದಿತು. ಅದನ್ನು ಹಿಡಿದು ಮುಂದಿನ ಪೀಳಿಗೆಯ ಸಂಶೋಧಕರು ಘಟ್ಟಗಳನ್ನು ಮತ್ತೆ ಹತ್ತಿದರು. ಕೊಡಗಿನ ಆ ಇರುಳುಗಪ್ಪೆಯು 91 ವರ್ಷಗಳ ಬಳಿಕ ಮತ್ತೆ ಪತ್ತೆಯಾದ ಸಂಗತಿಯನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಪೊದೆಗಪ್ಪೆಗಳ ಹೊಸ ಕುಲವೊಂದನ್ನು ಬೇರ್ಪಡಿಸಿದಾಗ ಅದಕ್ಕೆ ಅವರು ರಾವೋರ್ಕೆಸ್ಟಿಸ್ ಎಂಬ ಹೆಸರನ್ನಿಟ್ಟಿದ್ದರು. ಅದರ ಮೊದಲ ಭಾಗವು ನಾರಾಯಣರಾಯರ ಹೆಸರಿನಿಂದ ಬಂದುದು. ಉಳಿದ ಭಾಗಕ್ಕೆ ಗ್ರೀಕ್ ಭಾಷೆಯಲ್ಲಿ ನರ್ತಕನೆಂದರ್ಥ. ಇಂದು ಈ ಕುಲದಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ನಮ್ಮ ಪಶ್ಚಿಮ ಘಟ್ಟಗಳವು.

ನಾವು ಎಸ್. ಎಸ್. ಎಲ್. ಸಿ.ಗೆ ಓದು ನಿಲ್ಲಿಸಿ ಹೋಟೆಲ್ ಹಿಡಿದವರು. ಒಂದು ಮಳೆಗಾಲದ ರಾತ್ರಿ ನಮ್ಮ ಉಗ್ರಾಣಕ್ಕೆ ನೀರು ನುಗ್ಗಿ ಅಕ್ಕಿ, ಬೇಳೆ, ಸಕ್ಕರೆಗಳೆಲ್ಲ ಹಾಳಾದುವು. ಗಲ್ಲಾದ ಮೇಲಣ ಹಲಗೆಯಲ್ಲಿದ್ದ ಕಿರ್ದಿ ಪುಸ್ತಕವೊಂದು ಉಳಿಯಿತು. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದ್ದುದರಿಂದ ಅಂಗಡಿಯವರು ಸಾಮಾನು ಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಒಲೆ ಮತ್ತೆ ಉರಿಯಿತು. ನಾರಾಯಣರಾಯರ ಚರಿತ್ರೆಯನ್ನು ಓದುವಾಗ ನಮಗೆ ಆ ಕಿರ್ದಿಯ ನೆನಪಾಯಿತು.

ಆಫೀಸಿನಲ್ಲಿ ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರೂ, ಕೆಲಸ ಮುಗಿಸಿ ರಾತ್ರಿಶಾಲೆಗೆ ಹೋಗುವ ಮಾಣಿಗಳೂ ತಮ್ಮ ಬರವಣಿಗೆಯು ಅಲ್ಪವೆಂದು ತಿಳಿಯಬಾರದು. ಕಂಡದ್ದನ್ನು ಕಂಡಂತೆ, ಊರು ತೇದಿಗಳ ಸಹಿತ ಬರೆದಿಟ್ಟದ್ದು ಎಂದೋ ಒಂದು ದಿನ ಯಾರಿಗೋ ದಾರಿಯನ್ನು ತೋರಿಸೀತು. ಈ ಸಲ ಮಳೆಗಾಲದಲ್ಲಿ ಊರಿಗೆ ಹೋಗುವವರು ಕೊಟ್ಟಿಗೆಹಾರದಲ್ಲಿ ದೋಸೆಯಾದ ಮೇಲೆ ಎರಡು ನಿಮಿಷ ಹೊರಗೆ ನಿಂತು ಕಿವಿಗೊಡಲಿ. ಪೊದೆಗಳೊಳಗಿಂದ ಬರುವ ಆ ಸಣ್ಣ ದನಿಗಳ ಕುಲಕ್ಕೆ ನಮ್ಮ ನಾರಾಯಣರಾಯರ ಹೆಸರಿದೆ.