ಸೂಜಿ ಹಿಡಿಯುವ ಅಧಿಕಾರವೂ ಹಾಫ್ಕಿನ್ನರ ಜೀವಿತವೂ

ಔಷಧದಂಗಡಿಯ ಫಾರ್ಮಸಿಸ್ಟರಿಗೆ ಲಸಿಕೆಯನ್ನೂ ತುರ್ತು ಚುಚ್ಚುಮದ್ದನ್ನೂ ಕೊಡುವ ಅಧಿಕಾರವನ್ನು ಕಾಯಿದೆಯ ಮೂಲಕ ನೀಡಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ, ವೈದ್ಯ ಪದವಿಯಿಲ್ಲದವನ ಕೈಗೆ ಸೂಜಿಯನ್ನು ಒಪ್ಪಿಸುವುದೆಂತು ಎಂಬ ಆಕ್ಷೇಪವೇ ಮೊದಲು ಕೇಳಿಬರುತ್ತದೆ. ಆಕ್ಷೇಪವು ಹಗುರವಾದುದಲ್ಲ; ಪ್ರಾಣಕ್ಕೆ ಸಂಬಂಧಿಸಿದ್ದು. ಆದರೆ ಕಾಲರಾ ಮತ್ತು ಪ್ಲೇಗುಗಳಿಗೆ ಈ ದೇಶದಲ್ಲಿ ಮೊಟ್ಟಮೊದಲು ಚುಚ್ಚುಮದ್ದನ್ನು ತಂದು ಲಕ್ಷಾಂತರ ಜನರ ಪ್ರಾಣವನ್ನುಳಿಸಿದ ಮಹಾಶಯನೇ ವೈದ್ಯನಾಗಿರಲಿಲ್ಲವೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿರಬಹುದು. ಆತನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇವೆ.

ವಾಲ್ಡೆಮಾರ್ ಹಾಫ್ಕಿನ್ನರು 1860ನೆಯ ಇಸವಿ ಮಾರ್ಚಿಯಲ್ಲಿ, ಆಗ ರಷ್ಯದ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿದ್ದ ಒಡೆಸ್ಸಾ ನಗರದಲ್ಲಿ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮೆಚ್ನಿಕೋವ್ ಎಂಬ ಪ್ರಖ್ಯಾತ ಪಂಡಿತರ ಶಿಷ್ಯರಾಗಿ ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡಿದರು. ಯಹೂದ್ಯರ ಮನೆಗಳ ಮೇಲೆ ಗುಂಪುಗಳು ಬಿದ್ದು ಸುಲಿಗೆ ಮಾಡುತ್ತಿದ್ದ ದಿನಗಳವು. ತಮ್ಮವರ ರಕ್ಷಣೆಗೆ ನಿಂತ ತರುಣರ ದಳದಲ್ಲಿ ಸೇರಿ ಗಾಯಗೊಂಡು, ಸೆರೆಯನ್ನೂ ಕಂಡು, ಗುರುಗಳ ಸಾಕ್ಷ್ಯದಿಂದ ಬಿಡುಗಡೆ ಹೊಂದಿದರು. ಮತವನ್ನು ಬದಲಿಸಿಕೊಂಡಿದ್ದರೆ ಅಧ್ಯಾಪಕ ಹುದ್ದೆ ದೊರೆಯುತ್ತಿತ್ತು, ಅವರು ಬದಲಿಸಿಕೊಳ್ಳಲಿಲ್ಲ. 1888ರಲ್ಲಿ ಸ್ವದೇಶವನ್ನು ತೊರೆದು ಜಿನೀವಾಕ್ಕೂ, ಮರುವರ್ಷ ಪ್ಯಾರಿಸಿನ ಪಾಸ್ಟರ್ ಸಂಸ್ಥೆಗೂ ಬಂದರು. ಅಲ್ಲಿ ದೊರೆತದ್ದು ಪುಸ್ತಕ ಭಂಡಾರದ ಸಹಾಯಕನ ಕೆಲಸ. ಹಗಲು ಪುಸ್ತಕಗಳನ್ನು ಒಪ್ಪವಾಗಿಡುತ್ತ, ಉಳಿದ ವೇಳೆಯಲ್ಲಿ ಕಾಲರಾ ಕ್ರಿಮಿಗಳನ್ನು ಪರೀಕ್ಷಿಸುತ್ತ, 1892ರಲ್ಲಿ ಅವರು ಕಾಲರಾಕ್ಕೆ ಲಸಿಕೆಯನ್ನು ಸಿದ್ಧಗೊಳಿಸಿದರು. ಆ ವರ್ಷದ ಜುಲೈ 18ರಂದು ಮೊದಲ ಸೂಜಿಯನ್ನು ತಮ್ಮ ಮೈಗೇ ಚುಚ್ಚಿಕೊಂಡರು.

ಹಿಂದೆ ಇಲ್ಲಿ ವೈಸರಾಯರಾಗಿದ್ದು, ಆಗ ಪ್ಯಾರಿಸಿನಲ್ಲಿ ರಾಯಭಾರಿಗಳಾಗಿದ್ದ ಡಫರಿನ್ ಪ್ರಭುಗಳ ಸಲಹೆಯಂತೆ 1893ರಲ್ಲಿ ಹಾಫ್ಕಿನ್ನರು ಕಲ್ಕತ್ತೆಗೆ ಬಂದರು. ಇಲ್ಲಿನ ಸರ್ಕಾರಿ ವೈದ್ಯಾಧಿಕಾರಿಗಳಲ್ಲಿ ಹಲವರು ಇವರನ್ನು ತಮ್ಮ ಪಂಕ್ತಿಗೆ ಸೇರದವನೆಂಬಂತೆ ಕಂಡರು. ಪ್ರಾಣಿಶಾಸ್ತ್ರದವನು, ಪರದೇಶಿ, ಮೇಲಾಗಿ ರಷ್ಯದವನು. ಜನರ ಸಂದೇಹವಾದರೋ ಬೇರೆ ಬಗೆಯದು. ಕಲ್ಕತ್ತೆಯ ಬಡವರ ಕೇರಿಯಲ್ಲಿ ಕಲ್ಲುಗಳು ಬಿದ್ದಾಗ ಹಾಫ್ಕಿನ್ನರು ವಾದಕ್ಕೆ ನಿಲ್ಲದೆ ಅಲ್ಲಿಯೇ ಎಲ್ಲರ ಕಣ್ಣೆದುರಿಗೆ ತಾವೇ ಚುಚ್ಚಿಸಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಎರಡೂವರೆ ವರ್ಷಗಳೊಳಗೆ ನಲವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಅವರ ಕಾಲರಾ ಲಸಿಕೆ ಸಂದಿತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಸರ್ಕಾರದವರು ಹಾಫ್ಕಿನ್ನರನ್ನು ಕರೆಸಿ, ಗ್ರಾಂಟ್ ವೈದ್ಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರನ್ನು ಕೊಟ್ಟರು. ಮೂರು ತಿಂಗಳು ಹಗಲಿರುಳೆನ್ನದೆ ದುಡಿದರು. ಸಾರದ ಶೀಷೆಗಳ ಮೇಲ್ಮೈಯಲ್ಲಿ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಪ್ಲೇಗಿನ ಕ್ರಿಮಿಗಳು ಅವುಗಳ ಕೆಳಗೆ ಜಡೆಜಡೆಯಾಗಿ ಇಳಿಬಿದ್ದು ಹುಲುಸಾಗಿ ಬೆಳೆಯುತ್ತವೆಂಬುದನ್ನು ಕಂಡುಕೊಂಡರು. ಹಾಗೆ ಬೆಳೆಸಿ, ಕಾಯಿಸಿ ಕೊಂದ ಕ್ರಿಮಿಗಳೇ ಲಸಿಕೆ. 1897ನೆಯ ಜನವರಿ 10ರಂದು ಪುನಃ ತಮ್ಮ ಮೈಮೇಲೆಯೇ ಪರೀಕ್ಷೆ. ಅನಂತರ ಬೈಕುಲ್ಲಾ ಜೈಲಿನಲ್ಲಿ ತಾವಾಗಿ ಮುಂದೆ ಬಂದ ಕೈದಿಗಳಿಗೆ. ಅದೇ ವರ್ಷ ಪುಣೆಯಲ್ಲಿ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿದ ಪ್ಲೇಗು ಅಧಿಕಾರಿಗಳ ದರ್ಪದಿಂದ ಏನಾಯಿತೆಂಬುದನ್ನು ವಾಚಕರು ಬಲ್ಲರು. ಒಪ್ಪಿದವರ ತೋಳನ್ನು ಮಾತ್ರ ಮುಟ್ಟಿದ ಈ ಪರದೇಶಿಯ ಮಾರ್ಗವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

1898ರಲ್ಲಿ ಬಡೋದೆಯ ಸಮೀಪದ ಉಂಧೇರಾ ಗ್ರಾಮದಲ್ಲಿ ಒಂದೊಂದು ಮನೆಯಲ್ಲಿಯೂ ಸುಮಾರು ಅರ್ಧ ಜನರಿಗೆ ಲಸಿಕೆ ಹಾಕಿ, ಉಳಿದವರನ್ನು ಹಾಗೆಯೇ ಬಿಟ್ಟು ಲೆಕ್ಕವಿಡಲಾಯಿತು. ಹಾಕಿಸಿಕೊಂಡ 71 ಮಂದಿಯಲ್ಲಿ ಸತ್ತವರು ಮೂವರು. ಹಾಕಿಸಿಕೊಳ್ಳದ 64 ಮಂದಿಯಲ್ಲಿ ಸತ್ತವರು 26. ಅದೇ ವರ್ಷ ನಮ್ಮ ಕನ್ನಡ ನಾಡಿನ ಹುಬ್ಬಳ್ಳಿಗೆ ಪ್ಲೇಗು ಹೊಕ್ಕಾಗ, ಲ್ಯೂಮನ್ ಎಂಬ ವೈದ್ಯಾಧಿಕಾರಿ ಹತ್ತಾರು ಸಾವಿರ ಜನರಿಗೆ ಹಾಫ್ಕಿನ್ನರ ಮದ್ದನ್ನು ಹಾಕಿದನು. ಇಡೀ ದೇಶದಲ್ಲಿಯೇ ದೊಡ್ಡದೆನಿಸಿದ ಪ್ರಯತ್ನಗಳಲ್ಲಿ ಅದೊಂದು. ಆ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲು ಹರಿಹರ, ಅರಸೀಕೆರೆ, ತಿಪಟೂರು, ತುಮಕೂರುಗಳ ಮೇಲೆಯೇ ಸಾಗುತ್ತಿತ್ತೆಂಬುದನ್ನು ನೆನೆದರೆ, ಕೊಬ್ಬರಿಯ ಮೂಟೆಗಳನ್ನೇರಿಸುತ್ತಿದ್ದ ನಮ್ಮ ಸ್ಟೇಷನ್ನುಗಳ ಜನರು ಯಾವ ಭೀತಿಯಲ್ಲಿದ್ದಿರಬೇಕೆಂಬುದನ್ನು ಊಹಿಸಬಹುದು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರು ಬಹುಕಾಲ ಹೇಳುತ್ತಿದ್ದರು.

ಕೀರ್ತಿಯು ಹೀಗೆ ಏರಿದ ಮೇಲೆ ಬಂದದ್ದು ಮುಲ್ಕೋವಾಲ್. ಈ ಘಟ್ಟವನ್ನು ನಾವು ವಿಸ್ತಾರವಾಗಿ ಹೇಳುತ್ತೇವೆ. ಏಕೆಂದರೆ ಇಂದಿನ ಪ್ರಶ್ನೆಯ ತಿರುಳು ಇಲ್ಲಿದೆ. 1902ನೆಯ ಅಕ್ಟೋಬರ್ 30ರಂದು ಪಂಜಾಬಿನ ಆ ಹಳ್ಳಿಯಲ್ಲಿ 107 ಮಂದಿಗೆ ಪ್ಲೇಗು ಲಸಿಕೆಯನ್ನು ಹಾಕಲಾಯಿತು. ಅವರಲ್ಲಿ 19 ಮಂದಿಗೆ ಕೆಲವೇ ದಿನಗಳಲ್ಲಿ ಧನುರ್ವಾಯುವು ತಗುಲಿತು. ಹತ್ತೊಂಬತ್ತು ಮಂದಿಯೂ ತೀರಿಕೊಂಡರು. ಎಲ್ಲರಿಗೂ ಮದ್ದು ಹೋಗಿದ್ದದ್ದು ಒಂದೇ ಶೀಷೆಯಿಂದ. ಅಂದು ತೆರೆದ ಇತರ ಶೀಷೆಗಳಿಂದ ಯಾರಿಗೂ ಕೇಡಾಗಲಿಲ್ಲ. ವಿಚಾರಣೆಗೆ ಕುಳಿತ ಸಮಿತಿಯವರು, ದೋಷವು ಮುಂಬಯಿಯ ಪ್ರಯೋಗಾಲಯದಲ್ಲಿಯೇ ಶೀಷೆಯನ್ನು ಹೊಕ್ಕಿತೆಂದು ತೀರ್ಮಾನಿಸಿದರು. ಪಂಜಾಬಿನವರು ಕೇಳಿದಷ್ಟು ಮದ್ದನ್ನು ಬೇಗನೆ ಒದಗಿಸಲು ತಯಾರಿಕೆಯ ಕ್ರಮದಲ್ಲಿ ಹಾಫ್ಕಿನ್ನರು ಮಾಡಿದ್ದ ಬದಲಾವಣೆಯನ್ನೂ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟದ್ದನ್ನೂ ಅವರ ಮೇಲೆ ಅಪರಾಧವಾಗಿ ಹೊರಿಸಲಾಯಿತು. ಮುಖ್ಯಾಧಿಕಾರಿಯ ಹುದ್ದೆ ಹೋಯಿತು. ಹಾಫ್ಕಿನ್ನರು ಇಂಗ್ಲೆಂಡಿಗೆ ಹೋಗಿ ವರ್ಷಗಟ್ಟಲೆ ನ್ಯಾಯಕ್ಕಾಗಿ ಕಾದರು.

ಆದರೆ ಸಾಕ್ಷ್ಯವು ಕಾಗದದಲ್ಲಿಯೇ ಇದ್ದಿತು. ಶೀಷೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿದ್ದಿತು. ಅದನ್ನು ಸರಿಯಾಗಿ ಶುದ್ಧಿಮಾಡದೆಯೇ ಮತ್ತೆ ಬಿರಟೆಗೆ ತಾಗಿಸಲಾಯಿತು. ಧನುರ್ವಾಯುವಿನ ಕ್ರಿಮಿಗೆ ನೆಲದ ಮಣ್ಣೇ ಮನೆ. ಅದು ವಾರಗಳ ಹಿಂದೆಯೇ ಮುಂಬಯಿಯಲ್ಲಿ ಒಳಹೊಕ್ಕು ಬೆಳೆದಿದ್ದರೆ ಶೀಷೆ ತೆರೆದೊಡನೆ ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ ಬರಬೇಕಾಗಿದ್ದಿತು. ಬರಲಿಲ್ಲವೆಂಬುದು ಸಾಕ್ಷ್ಯದಲ್ಲಿಯೇ ದಾಖಲಾಗಿತ್ತು. 1907ರಲ್ಲಿ, ಮಲೇರಿಯಾ ಸಂಶೋಧನೆಯಿಂದ ಜಗತ್ಪ್ರಸಿದ್ಧರಾದ ರೊನಾಲ್ಡ್ ರಾಸರೂ ಇತರ ವಿದ್ವಾಂಸರೂ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಇದನ್ನು ಬಹಿರಂಗವಾಗಿ ಎತ್ತಿಹಿಡಿದ ತರುವಾಯ ಕಳಂಕವು ತೊಳೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಮುಲ್ಕೋವಾಲಿನ ಮೇಜಿನ ಬಳಿ ವೈದ್ಯನಿಲ್ಲದೆ ಇರಲಿಲ್ಲ. ವೈದ್ಯನಿದ್ದನು, ಸಹಾಯಕನಿದ್ದನು, ಇಲ್ಲದೆ ಹೋದದ್ದು ನೆಲಕ್ಕೆ ಬಿದ್ದ ಇಕ್ಕಳವನ್ನು ಬೆಂಕಿಗೆ ಹಿಡಿಯುವ ಶಿಸ್ತು. ಇದ್ದದ್ದು ಒಂದು ನಂಬರು. ಶೀಷೆಗೆ ನಂಬರಿದ್ದು, ಯಾರಿಗೆ ಯಾವ ಶೀಷೆಯಿಂದ ಹೋಯಿತೆಂಬ ಲೆಕ್ಕವಿದ್ದುದರಿಂದಲೇ ಸತ್ಯವು ಐದು ವರ್ಷಗಳಾದ ಮೇಲಾದರೂ ಹೊರಬಿದ್ದಿತು.

ಫಾರ್ಮಸಿಸ್ಟರ ಪ್ರಶ್ನೆಯನ್ನು ಈ ಬೆಳಕಿನಲ್ಲಿ ನೋಡಬೇಕು. 1948ರ ಫಾರ್ಮಸಿ ಕಾಯಿದೆ ಫಾರ್ಮಸಿಸ್ಟನನ್ನು ದಾಖಲೆ ಪುಸ್ತಕಕ್ಕೆ ಸೇರಿಸಿತು. ವೈದ್ಯರ ಚೀಟಿಯಂತೆ ಮದ್ದನ್ನು ಕೊಡುವ ಹೊಣೆಯನ್ನು ಅವನಿಗೆ ವಹಿಸಿತು. ಸೂಜಿಯ ಅಧಿಕಾರವನ್ನು ಸ್ಪಷ್ಟವಾಗಿ ಕೊಡಲಿಲ್ಲ. ಎರಡು ವರ್ಷದ ಡಿಪ್ಲೊಮಾ ಓದಿ, 500 ಗಂಟೆ ಔಷಧಾಲಯದಲ್ಲಿ ಕೈಕೆಲಸ ಕಲಿತು ಬಂದವನು ಹಳೆಯ ಕಾಂಪೌಂಡರನಲ್ಲ. 2020ನೆಯ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಗೆ ಕೇಂದ್ರ ಸರ್ಕಾರದವರೇ ಹೊರಡಿಸಿದ ಮಾರ್ಗಸೂಚಿಯಲ್ಲಿ ಲಸಿಕೆ ಹಾಕಬಹುದಾದವರ ಪಟ್ಟಿಗೆ ವೈದ್ಯರು, ದಾದಿಯರ ಜೊತೆಗೆ ಫಾರ್ಮಸಿಸ್ಟರನ್ನೂ ಸೇರಿಸಿದ್ದರು. ವಿಪತ್ತಿನಲ್ಲಿ ಯೋಗ್ಯನಾದವನು ಕ್ಷೇಮಕಾಲದಲ್ಲಿ ಅಯೋಗ್ಯನಾಗುವುದು ಹೇಗೆಂಬುದು ನಮಗೆ ತಿಳಿಯದು. ಅಮೆರಿಕದ 50 ಸಂಸ್ಥಾನಗಳೂ 2009ರ ವೇಳೆಗೆ ಫಾರ್ಮಸಿಸ್ಟರಿಗೆ ಶೀತಜ್ವರದ ಲಸಿಕೆಯ ಅಧಿಕಾರವನ್ನು ಕೊಟ್ಟಿದ್ದವು; ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯು 2015ರಿಂದ ಅದೇ ಕೆಲಸವನ್ನು ಬೀದಿಯ ಔಷಧಾಲಯಗಳಿಗೆ ವಹಿಸಿತು.

ನಮ್ಮ ಸೀಮೆಯಲ್ಲಿ ಇದು ಪುಸ್ತಕದ ಚರ್ಚೆಯಲ್ಲ. ಮಚ್ಚು ತಾಗಿದವನು, ಕಾಯಿ ಸುಲಿಯುವ ಹಾರೆಗೆ ಅಂಗೈ ಕೊಟ್ಟವನು, ತುಕ್ಕುಹಿಡಿದ ಮೊಳೆ ತುಳಿದವನು ಮೊದಲು ಕೇಳುವುದು ಧನುರ್ವಾಯುವಿನ ಚುಚ್ಚುಮದ್ದನ್ನು. ಮುಲ್ಕೋವಾಲಿನವರನ್ನು ಕೊಂದ ರೋಗ ಅದೇ. ತೆಂಗಿನ ಮರವನ್ನೇರಿ ಹೆಜ್ಜೇನಿಗೆ ಸಿಕ್ಕಿ ಉಸಿರುಕಟ್ಟಿದವನಿಗೆ ಅಡ್ರಿನಲಿನ್ ಸೂಜಿ ಬೀಳಬೇಕಾದದ್ದು ಕೆಲವೇ ನಿಮಿಷಗಳಲ್ಲಿ. ಸಂಪಿಗೆಯಂಥ ಊರಿನಿಂದ ತುರುವೇಕೆರೆಯ ಆಸ್ಪತ್ರೆಗೋ ತಿಪಟೂರಿಗೋ ವಾಹನ ಹುಡುಕಿ ಹೊರಡುವಷ್ಟರಲ್ಲಿ ಆ ನಿಮಿಷಗಳು ಕಳೆದಿರುತ್ತವೆ. ಆದಕಾರಣ, ಪ್ರತ್ಯೇಕ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ಫಾರ್ಮಸಿಸ್ಟನಿಗೆ, ಹೆಸರಿಸಿದ ಕೆಲವು ಲಸಿಕೆಗಳನ್ನೂ ಅಡ್ರಿನಲಿನ್ನನ್ನೂ ಕೊಡುವ ಅಧಿಕಾರವನ್ನು ಸರ್ಕಾರದವರು ಕಾಯಿದೆಯಲ್ಲಿಯೇ ಬರೆದುಕೊಡಬೇಕೆಂಬುದು ನಮ್ಮ ಅಭಿಪ್ರಾಯ. ವಿದ್ಯುತ್ತು ಹೋದರೂ ಮದ್ದು ಕೆಡದಂತೆ ಶೀತದಲ್ಲಿಡುವ ಏರ್ಪಾಡು, ಶೀಷೆಯ ನಂಬರನ್ನೂ ಹಾಕಿಸಿಕೊಂಡವನ ಹೆಸರನ್ನೂ ಬರೆದಿಡುವ ಪುಸ್ತಕ, ಹಾಕಿಸಿಕೊಂಡವನು ಅರ್ಧ ಗಂಟೆ ಕುಳಿತಿರಲು ಜಾಗ, ಇವಿಲ್ಲದ ಅಂಗಡಿಗೆ ಅನುಮತಿ ಕೂಡದು. ಲಾಭದಾಸೆಗೆ ಬೇಡದ ಸೂಜಿಯನ್ನು ಚುಚ್ಚುವವರು ಹುಟ್ಟಿಕೊಳ್ಳುವರೆಂಬ ವೈದ್ಯರ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೆ ತನಿಖೆಯೂ ದಂಡನೆಯೂ ಮದ್ದು. ಈಗಲಾದರೋ ಹಳ್ಳಿಗಳಲ್ಲಿ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವರ ಕೈಯಲ್ಲಿ ಸೂಜಿಗಳಿರುವುದನ್ನು ಅಧಿಕಾರಿಗಳು ಕಾಣದವರೇನಲ್ಲ.

ಹಾಫ್ಕಿನ್ನರ ಕೊನೆಯ ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೋಷಮುಕ್ತರಾಗಿ 1907ರಲ್ಲಿ ಕಲ್ಕತ್ತೆಗೆ ಮರಳಿದರೂ ಅವರಿಗೆ ಮೊದಲಿನ ಕೆಲಸವನ್ನು ಕೊಡಲಿಲ್ಲ. ಜನರ ಮೇಲೆ ಲಸಿಕೆಯ ಪರೀಕ್ಷೆಯಿಂದ ದೂರವಿರಿಸಿದರು. 1914ರಲ್ಲಿ ಈ ದೇಶವನ್ನು ಬಿಟ್ಟರು. ಮದುವೆಯಾಗಲಿಲ್ಲ, ತಮ್ಮ ಮತದ ಆಚಾರಗಳನ್ನು ನಿಷ್ಠೆಯಿಂದ ಪಾಲಿಸುತ್ತ, ಗಳಿಸಿದ ಹಣವನ್ನು ಯಹೂದಿ ಪಾಠಶಾಲೆಗಳಿಗೆ ಬಿಟ್ಟು, 1930ನೆಯ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಕಾಲವಾದರು. 1925ರ ವೇಳೆಗೆ ಅವರು ಸ್ಥಾಪಿಸಿದ ಪ್ರಯೋಗಾಲಯದಿಂದ ಪ್ಲೇಗು ಲಸಿಕೆಯ ಸುಮಾರು 2 ಕೋಟಿ 60 ಲಕ್ಷ ಮಾತ್ರೆಗಳಷ್ಟು ಮದ್ದು ಹೊರಟಿತ್ತು. ಆ ವರ್ಷವೇ ಪರೇಲಿನ ಆ ಸಂಸ್ಥೆಗೆ ಅವರ ಹೆಸರನ್ನಿಟ್ಟರು. ಅವರ ಹೆಸರನ್ನು ಹೊತ್ತ ಮುಂಬಯಿಯ ಕಾರ್ಖಾನೆಯಿಂದ ಹಾವಿನ ವಿಷಕ್ಕೆ ಪ್ರತಿಮದ್ದೂ ತಯಾರಾಗಿ ಬಂದಿದೆ. ತೋಟದಲ್ಲಿ ಹಾವು ಕಚ್ಚಿದವನಿಗೆ ಆ ಮದ್ದನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಹಾಕಕೂಡದು. ಅದಕ್ಕೆ ಹಾಸಿಗೆ ಬೇಕು, ರಾತ್ರಿಯೆಲ್ಲ ಎಚ್ಚರವಿರುವ ವೈದ್ಯನು ಬೇಕು, ಆಸ್ಪತ್ರೆಯೇ ಬೇಕು.