ಲಾರೆನ್ಸ್ ಹ್ಯಾಮಂಡ್
ಲಾರೆನ್ಸ್ ಹ್ಯಾಮಂಡ್ (೧೮೯೫–೧೯೭೩) ಅಮೆರಿಕದ ಎಂಜಿನಿಯರ್ ಹಾಗೂ ಉಪಜ್ಞೆಕಾರರು. ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ಜನಿಸಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದರು. ಗಡಿಯಾರ ತಯಾರಕರಾಗಿದ್ದ ಇವರು ೧೯೩೫ರಲ್ಲಿ ವಿದ್ಯುತ್ ಆರ್ಗನ್ ಅನ್ನು ಮಾರುಕಟ್ಟೆಗೆ ತಂದರು; ಸ್ವತಃ ಸಂಗೀತಗಾರರಲ್ಲವೆಂಬುದು ಸೋಜಿಗ.

ಚರ್ಚಿನಲ್ಲಿ ಮೊಳಗುವ ಆರ್ಗನ್ ನಾದ ಮನೆಯ ಕೋಣೆಯಲ್ಲಿ ಸಪ್ಪೆಯಾಗಿ ಕೇಳುತ್ತಿತ್ತು. ಈ ಕೊರತೆ ನೀಗಲು, ದೂರವಾಣಿ ಸಂಶೋಧನೆಗಾಗಿ ಬೆಲ್ ಪ್ರಯೋಗಾಲಯ ರೂಪಿಸಿದ್ದ ಸ್ಪ್ರಿಂಗ್ ಸಾಧನವನ್ನು ಅಳವಡಿಸಿಕೊಂಡರು. ಸ್ಪ್ರಿಂಗ್‌ನ ತುದಿಗಳ ನಡುವೆ ಕಂಪನವು ಮತ್ತೆ ಮತ್ತೆ ಓಡಾಡುವುದರಿಂದ ಅನುರಣನ ಉಂಟಾಗುತ್ತದೆ. ಆರಂಭದ ಘಟಕಗಳಲ್ಲಿ ಕಂಪನವನ್ನು ತಗ್ಗಿಸಲು ಎಣ್ಣೆ ತುಂಬಿದ ಕೊಳವೆಗಳಿದ್ದವು.

ಮುಂದೆ ಹ್ಯಾಮಂಡ್ ಸಂಸ್ಥೆಯ ಚಿಕ್ಕ ಘಟಕಗಳು ಫೆಂಡರ್ ಗಿಟಾರ್ ಆಂಪ್ಲಿಫೈಯರ್‌ಗಳನ್ನು ಸೇರಿದವು. ಸ್ಪ್ರಿಂಗ್‌ಗಳ ಉದ್ದ, ಬಿಗಿತಗಳಲ್ಲಿನ ಅಲ್ಪ ವ್ಯತ್ಯಾಸವೂ ಧ್ವನಿಯನ್ನು ಮಾರ್ಪಡಿಸುವುದರಿಂದ ಒಂದೇ ಮಾದರಿಯ ಎರಡು ಘಟಕಗಳು ಬೇರೆಬೇರೆಯಾಗಿ ಕೇಳಬಹುದು. ಗಿಟಾರ್ ವಾದಕರು ಹೀಗೆ ಉತ್ತಮ ಘಟಕಕ್ಕಾಗಿ ಹುಡುಕಾಡತೊಡಗುವ ಹೊತ್ತಿಗೆ ಹ್ಯಾಮಂಡ್ ನಿವೃತ್ತರಾಗಿದ್ದರು.