ಜೇಮ್ಸ್ ಫ್ರಾಂಕ್: ತಪ್ಪಾಗಿ ಓದಿದ ಸರಿಯಾದ ಪ್ರಯೋಗ

ಪರಮಾಣುವಿನ ಶಕ್ತಿಮಟ್ಟಗಳ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಫ್ರಾಂಕ್–ಹರ್ಟ್ಸ್ ಪ್ರಯೋಗದ ಗ್ರಾಫ್ ತಪ್ಪದೆ ಇರುತ್ತದೆ. ಏರುವ, ಇಳಿಯುವ, ಮತ್ತೆ ಏರುವ ಆ ಗೆರೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಬೋರ್ ಹೇಳಿದ್ದು ಇದರಿಂದ ಸಿದ್ಧವಾಯಿತು ಎಂದು ಮುಗಿಸಿಬಿಡುತ್ತೇವೆ. ಆ ಪ್ರಯೋಗ ಮಾಡಿದವರೇ ಅದನ್ನು ಮೊದಲು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರು ಎಂಬುದನ್ನು ಹೇಳುವವರು ಕಡಿಮೆ.

ಜೇಮ್ಸ್ ಫ್ರಾಂಕ್ ಹುಟ್ಟಿದ್ದು 1882ರ ಆಗಸ್ಟ್ 26ರಂದು, ಜರ್ಮನಿಯ ಹ್ಯಾಂಬರ್ಗ್ ನಗರದ ಯೆಹೂದಿ ಮನೆತನದಲ್ಲಿ. ತಂದೆ ಬ್ಯಾಂಕ್ ವ್ಯವಹಾರಸ್ಥರು. ಮಗ ಕಾನೂನು ಓದಲೆಂದು ಹೈಡೆಲ್‌ಬರ್ಗ್‌ಗೆ ಹೋದ. ಅಲ್ಲಿ ಮ್ಯಾಕ್ಸ್ ಬಾರ್ನ್ ಗೆಳೆಯನಾಗಿ ಸಿಕ್ಕ, ಮನಸ್ಸು ವಿಜ್ಞಾನದ ಕಡೆ ತಿರುಗಿತು. ಬರ್ಲಿನ್‌ನಲ್ಲಿ ಎಮಿಲ್ ವಾರ್‌ಬರ್ಗ್ ಅವರ ಕೈಕೆಳಗೆ 1906ರಲ್ಲಿ ಡಾಕ್ಟರೇಟ್ ಪಡೆದರು.

ಬರ್ಲಿನ್‌ನಲ್ಲೇ ಗುಸ್ತಾವ್ ಹರ್ಟ್ಸ್ ಜೊತೆಯಾದರು. ವಿದ್ಯುತ್ಕಾಂತ ಅಲೆಗಳ ಹೈನ್ರಿಕ್ ಹರ್ಟ್ಸ್ ಇವರ ದೊಡ್ಡಪ್ಪ. 1914ರಲ್ಲಿ ಇಬ್ಬರೂ ಪಾದರಸದ ಆವಿ ತುಂಬಿದ ನಳಿಕೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಓಡಿಸಿದರು. ವೋಲ್ಟೇಜ್ ಹೆಚ್ಚಿಸಿದಂತೆ ವಿದ್ಯುತ್ ಪ್ರವಾಹ ಹೆಚ್ಚುತ್ತಾ ಹೋಗಿ ಒಂದು ಹಂತದಲ್ಲಿ ಥಟ್ಟನೆ ಕುಸಿಯಿತು. ಮತ್ತೆ ಏರಿ ಮತ್ತೆ ಕುಸಿಯಿತು. ಕುಸಿತಗಳ ನಡುವಿನ ಅಂತರ ಪ್ರತಿ ಸಲವೂ 4.9 ವೋಲ್ಟ್. ಅದಕ್ಕಿಂತ ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಪಾದರಸದ ಪರಮಾಣುವಿಗೆ ಬಡಿದರೆ ಶಕ್ತಿ ಕಳೆದುಕೊಳ್ಳದೆ ಪುಟಿದುಬಿಡುತ್ತದೆ. 4.9 ತಲುಪಿದರೆ ಅಷ್ಟನ್ನೂ ಒಮ್ಮೆಲೇ ಕೊಟ್ಟು ನಿಧಾನವಾಗುತ್ತದೆ.

ಹಾಗೆ ಪಡೆದ ಶಕ್ತಿಯನ್ನು ಪರಮಾಣು ಏನು ಮಾಡುತ್ತದೆ? ಬೆಳಕಾಗಿ ಹೊರಹಾಕುವುದಾದರೆ 4.9 ಎಲೆಕ್ಟ್ರಾನ್ ವೋಲ್ಟ್‌ಗೆ ಸರಿಹೊಂದುವ ತರಂಗದೂರ ಸುಮಾರು 254 ನ್ಯಾನೋಮೀಟರ್. ಅದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಸಾಮಾನ್ಯ ಗಾಜು ಅದನ್ನು ಹೊರಕ್ಕೆ ಬಿಡುವುದಿಲ್ಲ. ಆದ್ದರಿಂದ ಕ್ವಾರ್ಟ್ಸ್ ನಳಿಕೆ ಬಳಸಿ ಆ ಒಂದೇ ರೇಖೆಯನ್ನು ಛಾಯಾಫಲಕದ ಮೇಲೆ ಹಿಡಿದರು. (ನಮ್ಮ ಟ್ಯೂಬ್‌ಲೈಟಿನೊಳಗೆ ಆರ್ಗಾನ್ ಅನಿಲದ ಜೊತೆಗಿರುವ ತೊಟ್ಟು ಪಾದರಸ ಹೊರಸೂಸುವುದೂ ಮುಖ್ಯವಾಗಿ ಇದೇ ಕಿರಣ. ಗಾಜಿನ ಒಳಮೈಯ ಬಿಳಿ ಪುಡಿ ಅದನ್ನು ಕಾಣುವ ಬೆಳಕಾಗಿಸುತ್ತದೆ. ತರಗತಿಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.)

ಇಷ್ಟಾದರೂ ಅವರು 4.9 ವೋಲ್ಟ್ ಅನ್ನು ಪಾದರಸದ ಅಯಾನೀಕರಣ ಮಿತಿ ಎಂದೇ ಬರೆದರು. ಆ ವೋಲ್ಟೇಜಿನಲ್ಲಿ ಅಯಾನುಗಳು ಹುಟ್ಟಿದಂತೆ ಉಪಕರಣ ತೋರಿಸಿತ್ತು. ಬೋರ್ 1915ರಲ್ಲಿ ಆಕ್ಷೇಪ ಎತ್ತಿದರು: ಇದು ಎಲೆಕ್ಟ್ರಾನ್ ಪರಮಾಣುವನ್ನು ಬಿಟ್ಟುಹೋಗುವ ಶಕ್ತಿಯಲ್ಲ, ಮೇಲಿನ ಮಟ್ಟಕ್ಕೆ ಏರುವ ಶಕ್ತಿ, ನೇರಳಾತೀತ ಬೆಳಕೇ ಲೋಹದ ತಟ್ಟೆಗೆ ಬಿದ್ದು ಎಲೆಕ್ಟ್ರಾನ್‌ಗಳನ್ನು ಕಿತ್ತು ಅಯಾನುಗಳ ಭ್ರಮೆ ಹುಟ್ಟಿಸಿರಬಹುದು. 1917ರಲ್ಲಿ ಅಮೆರಿಕದ ಡೇವಿಸ್ ಮತ್ತು ಗೌಚರ್ ಪ್ರಯೋಗದಿಂದ ಅದು ನಿಜವಾಯಿತು. ಪಾದರಸದ ನಿಜವಾದ ಅಯಾನೀಕರಣ ಮಿತಿ 10.4 ವೋಲ್ಟ್. ಯುದ್ಧ ಮುಗಿದ ಮೇಲೆ ಫ್ರಾಂಕ್, ಹರ್ಟ್ಸ್ ಇಬ್ಬರೂ ಬೋರ್ ಅರ್ಥವನ್ನೇ ಒಪ್ಪಿಕೊಂಡರು. 1925ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸೇರಿ ಸಂದಿತು.

ಆ ಯುದ್ಧದಲ್ಲಿ ಫ್ರಾಂಕ್ ಫ್ರಿಟ್ಸ್ ಹೇಬರ್ ಅವರ ವಿಷಾನಿಲ ಘಟಕದಲ್ಲಿದ್ದರು, ಐರನ್ ಕ್ರಾಸ್ ಪದಕ ಪಡೆದರು. ಈ ಸಂಗತಿಯನ್ನು ಮುಚ್ಚಿಟ್ಟು ಅವರ ಬದುಕನ್ನು ಹೇಳಬಾರದು.

ಗಾಟಿಂಗನ್‌ನಲ್ಲಿ ಪ್ರಾಧ್ಯಾಪಕರಾದ ಮೇಲೆ ಮಾಡಿದ ಕೆಲಸ ನನಗೆ 1914ರದ್ದಕ್ಕಿಂತಲೂ ಸ್ವಾರಸ್ಯವೆನಿಸುತ್ತದೆ. ಉತ್ತೇಜಿತ ಪರಮಾಣು ಬೆಳಕು ಸೂಸುವ ಮೊದಲೇ ಬೇರೆ ಧಾತುವಿನ ಪರಮಾಣುವಿಗೆ ಡಿಕ್ಕಿ ಹೊಡೆದರೆ? ಗುಂಥರ್ ಕಾರಿಯೋ ಜೊತೆ ಫ್ರಾಂಕ್ ಪಾದರಸ ಮತ್ತು ಥ್ಯಾಲಿಯಂ ಆವಿಗಳನ್ನು ಬೆರೆಸಿ, 254 ನ್ಯಾನೋಮೀಟರ್ ಬೆಳಕನ್ನು ಹಾಯಿಸಿದರು. ಆ ಬೆಳಕನ್ನು ಹೀರುವುದು ಪಾದರಸ. ಆದರೆ ಹೊಳೆದದ್ದು ಥ್ಯಾಲಿಯಂ: 535 ನ್ಯಾನೋಮೀಟರಿನ ಹಸಿರು ರೇಖೆ, 378ರ ನೇರಳಾತೀತ ರೇಖೆ. ಈ ಎರಡಕ್ಕೂ ಥ್ಯಾಲಿಯಂ ಏರಬೇಕಾದ ಮಟ್ಟ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಪಾದರಸ ನೇರವಾಗಿ ಅಲ್ಲಿಗೇ ಏರಿಸಿದಾಗ ಉಳಿದ ಶಕ್ತಿ ಬೇರ್ಪಡುವ ಎರಡು ಪರಮಾಣುಗಳ ವೇಗವಾಗುತ್ತದೆ. ಲೆಕ್ಕ ಎಲ್ಲಿಯೂ ತಪ್ಪುವುದಿಲ್ಲ. ಪಾದರಸದ ಜೊತೆ ಹೈಡ್ರೋಜನ್ ಬೆರೆಸಿದಾಗ ಅದೇ 4.9 ಎಲೆಕ್ಟ್ರಾನ್ ವೋಲ್ಟ್ ಹೈಡ್ರೋಜನ್ ಅಣುವನ್ನು ಎರಡು ಪರಮಾಣುಗಳಾಗಿ ಒಡೆಯಿತು. ಒಡೆಯಲು ಬೇಕಾದದ್ದು ಸುಮಾರು 4.5. ಒಂದು ಅನಿಲ ಪಡೆದ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುವ ಈ ಉಪಾಯದಿಂದಲೇ ಮುಂದೆ 1960ರಲ್ಲಿ ಹೀಲಿಯಂ–ನಿಯಾನ್ ಲೇಸರ್ ಬಂತು.

1933ರ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ಯೆಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನು ತಂದಿತು. ಯುದ್ಧರಂಗದಲ್ಲಿ ದುಡಿದವರಿಗೆ ವಿನಾಯಿತಿ ಇತ್ತು, ಫ್ರಾಂಕ್ ಸುಮ್ಮನೆ ಕುಳಿತಿದ್ದರೆ ಕುರ್ಚಿ ಉಳಿಯುತ್ತಿತ್ತು. ಏಪ್ರಿಲ್ 17ರಂದು ಅವರು ಬಹಿರಂಗವಾಗಿಯೇ ರಾಜೀನಾಮೆ ಕೊಟ್ಟರು. ಅದೇ ವಿಶ್ವವಿದ್ಯಾಲಯದ 42 ಮಂದಿ ಅವರನ್ನು ಖಂಡಿಸಿ ಸಹಿ ಹಾಕಿದರು. ಕೋಪನ್‌ಹೇಗನ್, ಬಾಲ್ಟಿಮೋರ್ ದಾಟಿ 1938ರಲ್ಲಿ ಷಿಕಾಗೋ ಸೇರಿದರು. ಅಲ್ಲಿ ಅವರು ಹಿಡಿದದ್ದು ಎಲೆಗಳ ದ್ಯುತಿಸಂಶ್ಲೇಷಣೆ, ಅಲ್ಲಿಯೂ ಬೆಳಕಿನ ಶಕ್ತಿಯ ಪ್ರಯಾಣದ್ದೇ ಪ್ರಶ್ನೆ. ಕೋಪನ್‌ಹೇಗನ್‌ನಲ್ಲಿ ಬಿಟ್ಟುಹೋಗಿದ್ದ ಅವರ ಚಿನ್ನದ ನೊಬೆಲ್ ಪದಕವನ್ನು, 1940ರಲ್ಲಿ ನಾಜಿ ಸೈನ್ಯ ಬಂದಾಗ, ಹೆವೆಶಿ ಆಮ್ಲದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧದ ನಂತರ ಅದೇ ಚಿನ್ನದಿಂದ ಪದಕ ಮತ್ತೆ ಎರಕವಾಯಿತು.

ಅಣುಬಾಂಬ್ ಯೋಜನೆಯಲ್ಲಿ ಅವರು ಕೆಲಸ ಮಾಡಿದ್ದು ನಿಜ. 1945ರ ಜೂನ್‌ನಲ್ಲಿ ಅವರ ಅಧ್ಯಕ್ಷತೆಯ ಸಮಿತಿ, ಬಾಂಬನ್ನು ಜಪಾನಿನ ಊರುಗಳ ಮೇಲೆ ಹಾಕದೆ ಜನರಿಲ್ಲದ ಕಡೆ ಜಗತ್ತಿನ ಎದುರು ತೋರಿಸಬೇಕೆಂದು ವರದಿ ಕೊಟ್ಟಿತು. ಸರ್ಕಾರ ಕೇಳಲಿಲ್ಲ.

1953ರಲ್ಲಿ ಗಾಟಿಂಗನ್ ನಗರ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿತು. 1964ರ ಮೇ 21ರಂದು, ಅಮೆರಿಕದಿಂದ ಹಳೆಯ ಸ್ನೇಹಿತರನ್ನು ನೋಡಲು ಬಂದಿದ್ದಾಗ, ಅದೇ ಊರಿನಲ್ಲಿ ತೀರಿಕೊಂಡರು.